ಶಿಲೆ, ಬೆಳಕು ಮತ್ತು ಮೂರು ಲೆನ್ಸ್‌ಗಳು

ಶಾಸನವನ್ನು ಅಭ್ಯಸಿಸುವವರಿಗೆ ಕಲ್ಲಿನಷ್ಟೇ ಅದರ ಪ್ರತಿಯೂ ಮುಖ್ಯ. 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಪಾಠ ಮುದ್ರಿತವಾಗಿರುವ ಎಷ್ಟೋ ಕಲ್ಲುಗಳು ಇಂದು ಆಯಾ ಊರುಗಳಲ್ಲಿ ಹುಡುಕಿದರೂ ದೊರೆಯುವುದಿಲ್ಲ. ಕೆಲವು ಕೆರೆಯ ಏರಿಗೆ ಸೇರಿವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಮತ್ತೆ ಕೆಲವು ಜೀರ್ಣೋದ್ಧಾರದ ಹೆಸರಿನಲ್ಲಿ ಬಣ್ಣದ ಲೇಪದಡಿ ಮರೆಯಾಗಿವೆ. ಒದ್ದೆಯ ಕಾಗದವನ್ನು ಶಿಲೆಗೆ ತಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆಯುವುದು ಇಂದಿಗೂ ವಿಶ್ವಸನೀಯ ಕ್ರಮವೇ. ಆದರೆ ಅದಕ್ಕೆ ತರಬೇತಿ ಬೇಕು, ಸಮಯ ಬೇಕು. ಹೀಗಾಗಿ ಊರೂರು ಅಲೆಯುವ ಹವ್ಯಾಸಿ ಸಂಶೋಧಕರ ಹೆಗಲಿಗೆ ಕ್ಯಾಮೆರಾ ಬಂದಿದೆ. ಯಾವ ಲೆನ್ಸ್ ಕೊಳ್ಳಬೇಕು ಎಂಬ ಪ್ರಶ್ನೆಯೂ ಅದರೊಡನೆ ಬಂದಿದೆ.

ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರ ಕನ್ನಡ ಅಧ್ಯಾಪಕಿಯೊಬ್ಬರು ಈ ಪ್ರಶ್ನೆಯನ್ನು ಬಗೆಹರಿಸಿಕೊಂಡ ರೀತಿ ಉಳಿದವರಿಗೂ ಉಪಯುಕ್ತವಾಗಿದೆ. ಭಾನುವಾರಗಳಂದು ತಾಲ್ಲೂಕಿನ ವೀರಗಲ್ಲು, ನಿಸಿದಿಗಲ್ಲು, ದಾನಶಾಸನಗಳನ್ನು ದಾಖಲಿಸುವುದು ಅವರ ಕೆಲಸ. ಕೈಯಲ್ಲಿದ್ದುದು ನಿಕಾನಿನ ಆರಂಭಿಕ ದರ್ಜೆಯ ಕ್ಯಾಮೆರಾ ಮತ್ತು ಅದರೊಡನೆ ಬಂದ 18-55 ಮಿ.ಮೀ. ಲೆನ್ಸ್. ಒಂದು ಊರಿನ ಗುಡಿಯ ಅಂಗಳದಲ್ಲಿದ್ದ ಐದು ಕಲ್ಲುಗಳನ್ನು ದೀಪಾವಳಿಯ ನಂತರ ಕಿತ್ತು ಬೇರೆಡೆ ಇಡುವರೆಂಬ ಸುದ್ದಿ ಬಂದಾಗ, ಉಳಿತಾಯದಲ್ಲಿದ್ದ 30,000 ರೂಪಾಯಿಯನ್ನು ಹೇಗೆ ವಿನಿಯೋಗಿಸಬೇಕೆಂಬುದು ತುರ್ತಿನ ವಿಷಯವಾಯಿತು. ಬಸ್ಸಿನ ಖರ್ಚೂ ಅದೇ ಹಣದಿಂದ ಹೊರಡಬೇಕಿತ್ತು.

ಅಂಗಡಿಗೆ ಹೋಗುವ ಮೊದಲು ಅವರು ತಾವು ಹಿಂದೆ ತೆಗೆದಿದ್ದ ಚಿತ್ರಗಳನ್ನೇ ಪರಿಶೀಲಿಸಿದರು. ಪ್ರತಿಯೊಂದು ಡಿಜಿಟಲ್ ಚಿತ್ರವೂ ತಾನು ಯಾವ ಸಂಗಮದೂರದಲ್ಲಿ, ಎಷ್ಟು ಅಪರ್ಚರಿನಲ್ಲಿ, ಎಷ್ಟು ಹೊತ್ತಿನ ಬೆಳಕಿನಲ್ಲಿ ಮೂಡಿತೆಂಬುದನ್ನು ತನ್ನೊಳಗೇ ಬರೆದಿಟ್ಟುಕೊಂಡಿರುತ್ತದೆ. ಸಂಗಮದೂರದ ಅಂಕಿ ಚಿಕ್ಕದಾದಷ್ಟೂ ದೃಶ್ಯದ ಹರವು ಹೆಚ್ಚು. ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ. ಅಪರ್ಚರಿನ ಎಫ್ ಅಂಕಿ ಕಿರಿದಾದಷ್ಟೂ ಒಳಬರುವ ಬೆಳಕು ಹೆಚ್ಚು. ಕೆಟ್ಟ ಚಿತ್ರಗಳನ್ನು ಬೇರ್ಪಡಿಸಿ ನೋಡಿದಾಗ ಮೂರು ಬಗೆಯ ಕೊರತೆಗಳು ಕಂಡವು: ಕಲ್ಲಿಗೆ ತೀರ ಹತ್ತಿರ ನಿಂತು 18 ಮಿ.ಮೀ.ಯಲ್ಲಿ ತೆಗೆದಾಗ ಅಂಚಿನ ಅಕ್ಷರಗಳು ಹಿಗ್ಗಿದ್ದವು. ನವರಂಗದ ಕತ್ತಲಲ್ಲಿ ಕೈ ಅಲುಗಿ ಎಲ್ಲವೂ ಮಸುಕಾಗಿತ್ತು. ಎತ್ತರದ ಶಿಲ್ಪಗಳು ಹೆಬ್ಬೆರಳಿನಷ್ಟೇ ಕಂಡಿದ್ದವು.

ಮೊದಲನೆಯದಕ್ಕೆ ಹಣವೇ ಬೇಕಿರಲಿಲ್ಲ. ಆರಡಿ ಎತ್ತರದ ಶಾಸನವನ್ನು ಇಂಥ ಕ್ಯಾಮೆರಾದಲ್ಲಿ ಉದ್ದುದ್ದವಾಗಿ ಹಿಡಿಯಲು 35 ಮಿ.ಮೀ.ಯಲ್ಲಾದರೆ ಸುಮಾರು ಒಂಬತ್ತಡಿ, 50 ಮಿ.ಮೀ.ಯಲ್ಲಾದರೆ ಹನ್ನೆರಡು-ಹದಿಮೂರಡಿ ಹಿಂದೆ ಸರಿಯಬೇಕು. ಹಾಗೆ ಸರಿದು, ಕ್ಯಾಮೆರಾವನ್ನು ಕಲ್ಲಿಗೆ ಸಮಾನಾಂತರವಾಗಿ ಟ್ರೈಪಾಡಿನ ಮೇಲಿರಿಸಿ, ಅಪರ್ಚರನ್ನು ಎಫ್/8ಕ್ಕೆ ಇಳಿಸಿದರೆ ಕ್ಯಾಮೆರಾದೊಡನೆ ಬಂದ ಸಾಮಾನ್ಯ ಲೆನ್ಸೂ ಸ್ಪಷ್ಟವಾದ ಚಿತ್ರ ನೀಡುತ್ತದೆ. ಕಲ್ಲು ಕದಲುವುದಿಲ್ಲವಾದ್ದರಿಂದ ಬೆಳಕು ಸಾಲದೆಂಬ ಚಿಂತೆಯಿಲ್ಲ. ಸವೆದ ಅಕ್ಷರಗಳು ಕಾಣುವುದು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಅವುಗಳ ಗೀರಿನಲ್ಲಿ ನೆರಳು ತುಂಬಿದಾಗ. ನಡುಹಗಲಿನಲ್ಲಿ ಎಷ್ಟು ದುಬಾರಿಯ ಲೆನ್ಸಾದರೂ ನಿರುಪಯೋಗಿ. ಆದುದರಿಂದ ಮೊದಲ ಖರೀದಿ ಒಂದು ಗಟ್ಟಿ ಟ್ರೈಪಾಡ್ ಆಯಿತು.

ಎರಡನೆಯ ಕೊರತೆಗೆ ಲೆನ್ಸೇ ಪರಿಹಾರ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪೂರ್ವಾನುಮತಿ ಬೇಕು. ಭಾನುವಾರದ ಯಾತ್ರಿಕರಿಗೆ ಅದು ಸುಲಭಸಾಧ್ಯವಲ್ಲ. ಅಲ್ಲಿ ಕೈಯಲ್ಲೇ ಹಿಡಿದು ತೆಗೆಯಬೇಕು. ಎಫ್/5.6ಕ್ಕೆ ಹೋಲಿಸಿದರೆ ಎಫ್/1.8 ಸುಮಾರು ಹತ್ತು ಪಟ್ಟು ಬೆಳಕನ್ನು ಒಳಬಿಡುತ್ತದೆ. ಸೆಕೆಂಡಿನ ಆರನೆಯ ಒಂದು ಭಾಗ ಉಸಿರು ಬಿಗಿಹಿಡಿದು ನಿಲ್ಲಬೇಕಾದಲ್ಲಿ ಅರವತ್ತನೆಯ ಒಂದು ಭಾಗ ಸಾಕಾಗುತ್ತದೆ. 50 ಮತ್ತು 35 ಮಿ.ಮೀ. ಎರಡರಲ್ಲೂ ಎಫ್/1.8ರ ಮಿತಬೆಲೆಯ ಲೆನ್ಸ್‌ಗಳಿವೆ. ಯಾವುದು ತಕ್ಕುದೆಂದು ತಿಳಿಯಲು ಅವರು ಹಳೆಯ ಲೆನ್ಸನ್ನೇ ಒಂದು ಭಾನುವಾರ 50ಕ್ಕೂ ಮರು ಭಾನುವಾರ 35ಕ್ಕೂ ನಿಲ್ಲಿಸಿ, ಇಡೀ ದಿನ ತಿರುಗಿಸದೆ ಕೆಲಸ ಮಾಡಿದರು. ಗುಡಿಯೊಳಗಿನ ಕಂಬಗಳ ನಡುವೆ 50ಕ್ಕೆ ಬೇಕಾದಷ್ಟು ಹಿಂದೆ ಸರಿಯಲು ಜಾಗವೇ ಇರಲಿಲ್ಲ. ಹೀಗೆ 35 ಗೆದ್ದಿತು.

ಮೂರನೆಯದು ದೂರದ ನೋಟ. ಬೇಲೂರಿನಲ್ಲಿ 1117ರ ಚೆನ್ನಕೇಶವ ದೇವಾಲಯದ ಸೂರಿನಡಿ ನಿಂತ ಮದನಿಕೆಯರ ಬೆರಳು, ಬಳ್ಳಿ, ಪೀಠದ ಬರಹಗಳನ್ನು ನೆಲದಿಂದ ಹಿಡಿಯಲು 200 ಮಿ.ಮೀ.ಯಷ್ಟು ಬೇಕು. ಹೊರಾಂಗಣದಲ್ಲಿ ಬೆಳಕು ಧಾರಾಳವಾಗಿರುವುದರಿಂದ ಕಿರಿದಾದ ಅಪರ್ಚರಿನ 55-200 ಸಾಕು; ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ ಅದರಲ್ಲಿದ್ದರಾಯಿತು. ಎಲ್ಲವನ್ನೂ ಒಂದರಲ್ಲೇ ಒದಗಿಸುವ 18-300ರ ಆಕರ್ಷಣೆಯೂ ಇತ್ತು. ಹೊಲದ ಧೂಳಿನಲ್ಲಿ ಲೆನ್ಸ್ ಬದಲಿಸುವ ಕಷ್ಟ ಅದರಿಂದ ತಪ್ಪುತ್ತಿತ್ತು. ಆದರೆ ಅದು ಹಣವನ್ನೆಲ್ಲ ನುಂಗಿಯೂ ಕತ್ತಲೆಯ ನವರಂಗದ ಸಮಸ್ಯೆಯನ್ನು ಹಾಗೆಯೇ ಉಳಿಸುತ್ತಿತ್ತು.

ಕೊಳ್ಳದೆ ಬಿಟ್ಟವುಗಳೂ ಗಮನಾರ್ಹ. 1430ರಲ್ಲಿ ಕಟ್ಟಲ್ಪಟ್ಟ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಂಥ ವಿಶಾಲ ಕಟ್ಟಡಗಳಿಗೆ ಅಗಲನೋಟದ ಲೆನ್ಸ್ ಬೇಕೆನಿಸುವುದು ಸಹಜ. ಎರಡು ಮೂರು ಚಿತ್ರಗಳನ್ನು ಜೋಡಿಸಿದರೆ ದಾಖಲೆಯ ಮಟ್ಟಿಗೆ ಆ ಕೆಲಸ ನಡೆಯುತ್ತದೆ. ತಾಳೆಗರಿಗಾಗಿ ಮ್ಯಾಕ್ರೊ ಲೆನ್ಸ್ ಅನಿವಾರ್ಯವೆಂಬುದೂ ಪೂರ್ಣ ಸತ್ಯವಲ್ಲ. 18-55 ಲೆನ್ಸು 55ರಲ್ಲಿ ಗರಿಗೆ ಬಹು ಸಮೀಪ ಹೋಗಬಲ್ಲದು, ಏಳೆಂಟು ಸೆಂ.ಮೀ. ಅಗಲವನ್ನೇ ಚಿತ್ರದ ತುಂಬ ತರಬಲ್ಲದು. ಈ ವಿಷಯದಲ್ಲಿ ಅದು ಎಫ್/1.8ರ 50ನ್ನೂ ಮೀರಿಸುತ್ತದೆ.

ಎರಡೂ ಲೆನ್ಸ್‌ಗಳನ್ನು ಅವರು ಬಳಸಿದವುಗಳಲ್ಲೇ ಆರಿಸಿದರು. ಒಂದು ತುದಿಯಿಂದ ಟಾರ್ಚ್ ಹಾಯಿಸಿ ಇನ್ನೊಂದು ತುದಿಯಿಂದ ನೋಡಿದರೆ ಗಾಜಿನ ಮೇಲೆ ಜೇಡರ ಬಲೆಯಂತೆ ಹಬ್ಬಿದ ಬೂಷ್ಟು ಕಾಣುತ್ತದೆ. ಮಲೆನಾಡು, ಕರಾವಳಿಗಳ ಮಳೆಗಾಲ ಕಂಡ ಲೆನ್ಸ್‌ಗಳಿಗೆ ಇದು ದೊಡ್ಡ ಶತ್ರು. ಅಂಥದೊಂದನ್ನು ಕಡಿಮೆ ಬೆಲೆಗೆ ಕೊಡಲು ಬಂದರೂ ನಿರಾಕರಿಸಿದರು. ನಿಕಾನಿನ ಆರಂಭಿಕ ಕ್ಯಾಮೆರಾಗಳಲ್ಲಿ ಫೋಕಸ್ ಮೋಟಾರ್ ಇರುವುದಿಲ್ಲವಾದ್ದರಿಂದ ಮೋಟಾರನ್ನು ತನ್ನೊಳಗೇ ಹೊಂದಿದ ಲೆನ್ಸ್ ಬೇಕೆಂಬುದನ್ನೂ ಖಚಿತಪಡಿಸಿಕೊಂಡರು. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮೂರೂ ಲೆನ್ಸ್‌ಗಳು ಒಂದು ಬಿಗಿಮುಚ್ಚಳದ ಡಬ್ಬಿಯಲ್ಲಿ ನೆಲೆಸಿದವು. ಹಣದಲ್ಲಿ ಮೂರನೆಯ ಒಂದು ಭಾಗ ಇನ್ನೂ ಉಳಿದಿತ್ತು.

ದೀಪಾವಳಿಗೆ ಎರಡು ವಾರ ಮೊದಲು, ಸೂರ್ಯೋದಯದ ಹೊತ್ತಿಗೆ ಗುಡಿಯ ಅಂಗಳದ ಐದೂ ಕಲ್ಲುಗಳು ದಾಖಲಾದವು. ಒಂದರ ಕೊನೆಯ ಎರಡು ಸಾಲು ಮಣ್ಣಿನಲ್ಲಿ ಹೂತಿದ್ದವು. ಅದಕ್ಕೆ ಬೇಕಾದುದು ಪಕ್ಕದ ಮನೆಯವರು ತಂದುಕೊಟ್ಟ ಗುದ್ದಲಿ, ಒಂದು ಕೊಡ ನೀರು ಮತ್ತು ಮೃದುವಾದ ಬ್ರಷ್ಷು. ಅಂದಿನಿಂದ ಅವರ ಚೀಲದಲ್ಲಿ ಲೆನ್ಸ್‌ಗಳ ಪಕ್ಕದಲ್ಲಿ ಒಂದು ಬ್ರಷ್ಷೂ ಇರುತ್ತದೆ. ಉಳಿದ ಹಣ ಮುಂದಿನ ಹತ್ತು ಊರುಗಳ ಬಸ್ಸಿನ ಖರ್ಚಿಗೆ ಮೀಸಲಾಯಿತು.