ವಾಲ್ಕಾಟ್ ಹಾದಿಯಲ್ಲೊಂದು ಮೂಕ ರೇಡಿಯೋ

ಅಮೆರಿಕದ ಅಯೋವಾ ರಾಜ್ಯದಲ್ಲಿ ಎತ್ತ ನೋಡಿದರೂ ಮುಸುಕಿನ ಜೋಳದ ಹೊಲಗಳೇ. ಅಯೋವಾ ಸಿಟಿಯಿಂದ ಇಂಟರ್‌ಸ್ಟೇಟ್ 80 ಹೆದ್ದಾರಿಯಲ್ಲಿ ಪೂರ್ವಕ್ಕೆ ಸುಮಾರು 65 ಕಿ.ಮೀ. ಸಾಗಿದರೆ ವಾಲ್ಕಾಟ್ ಎಂಬ ಪುಟ್ಟ ಊರು ಸಿಗುತ್ತದೆ. ಊರು ಪುಟ್ಟದಾದರೂ ಅದರ ಪಕ್ಕದ ಲಾರಿ ತಂಗುದಾಣ ಪುಟ್ಟದಲ್ಲ! 1964ರಲ್ಲಿ ಆರಂಭವಾದ 'ಅಯೋವಾ 80' ತನ್ನನ್ನು ಜಗತ್ತಿನಲ್ಲೇ ಅತಿ ದೊಡ್ಡ ಲಾರಿ ತಂಗುದಾಣವೆಂದು ಕರೆದುಕೊಳ್ಳುತ್ತದೆ. ಸುಮಾರು 900 ಲಾರಿಗಳು ನಿಲ್ಲುವಷ್ಟು ಜಾಗ, ಹೋಟೆಲು, ಕ್ಷೌರದಂಗಡಿ, ಹಲ್ಲಿನ ವೈದ್ಯರು, ಸಿನಿಮಾ ನೋಡುವ ಕೋಣೆ, ಪಕ್ಕದಲ್ಲೇ ಹಳೆಯ ಲಾರಿಗಳ ವಸ್ತುಸಂಗ್ರಹಾಲಯ. ಅಲ್ಲಿ ಇಲ್ಲದ್ದೇನು ಎಂದು ಕೇಳುವುದೇ ವಾಸಿ.

ಮಗಳ ಮನೆಗೆ ಹೋಗಿದ್ದ ನಾನು ಅಲ್ಲಿಗೆ ಹೊರಟದ್ದು ಮೊಮ್ಮಗನ ಸಲುವಾಗಿ. ಕಾರಿನಲ್ಲಿ ಅವನ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಹಳೆಯ ಸಿ.ಬಿ. ರೇಡಿಯೋ ಇತ್ತು. ಪಕ್ಕದ ಮನೆಯ ನಿವೃತ್ತ ಲಾರಿ ಚಾಲಕರು ಊರು ಬಿಟ್ಟು ಹೋಗುವಾಗ ಅದನ್ನು ಅವನ ಕೈಗಿತ್ತಿದ್ದರು. ಅದು ಬೇರೆಯವರ ಮಾತು ಕೇಳಿಸುತ್ತಿತ್ತು, ತಾನು ಮಾತನಾಡುತ್ತಿರಲಿಲ್ಲ. 'ಇದನ್ನು ಮತ್ತೆ ಮಾತನಾಡಿಸುತ್ತೇನೆ' ಎಂದು ಹುಡುಗ ಅವರಿಗೆ ಮಾತು ಕೊಟ್ಟಿದ್ದ.

ಸಿ.ಬಿ. ಎಂದರೆ ಸಿಟಿಜನ್ಸ್ ಬ್ಯಾಂಡ್, ಸಾಮಾನ್ಯ ನಾಗರಿಕರಿಗೆಂದು ಬಿಟ್ಟುಕೊಟ್ಟ ರೇಡಿಯೋ ತರಂಗಗಳ ಪಟ್ಟಿ. 27 ಮೆಗಾಹರ್ಟ್ಸ್ ಆಸುಪಾಸಿನ ಈ ಸೇವೆ ಅಮೆರಿಕದಲ್ಲಿ 1958ರಲ್ಲಿ ಶುರುವಾಯಿತು. 1973ರ ತೈಲ ಬಿಕ್ಕಟ್ಟು ಅದನ್ನು ಮನೆಮಾತಾಗಿಸಿತು. ಎಲ್ಲಿ ಡೀಸೆಲ್ ಸಿಗುತ್ತದೆ, ಗಂಟೆಗೆ 55 ಮೈಲಿಯ ಹೊಸ ವೇಗಮಿತಿ ಮೀರಿದವರನ್ನು ಹಿಡಿಯಲು ಪೊಲೀಸರು ಎಲ್ಲಿ ಕಾದಿದ್ದಾರೆ ಎಂಬ ಸುದ್ದಿ ಲಾರಿಯಿಂದ ಲಾರಿಗೆ ಹರಿಯುತ್ತಿತ್ತು. ಜನ ಹೆಚ್ಚಾಗಿ 1977ರಲ್ಲಿ 23 ಚಾನೆಲ್‌ಗಳನ್ನು 40ಕ್ಕೆ ಏರಿಸಬೇಕಾಯಿತು. 9ನೆಯದು ತುರ್ತು ಕರೆಗೆ, 19 ಲಾರಿಯವರ ರೂಢಿಯ ಚಾನೆಲ್. ಇದಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಡ, ಆದರೆ ನಿಯಮವಿದೆ. ಸಾಮಾನ್ಯ ಎ.ಎಂ. ಪ್ರಸಾರಕ್ಕೆ 4 ವ್ಯಾಟ್ ಮಾತ್ರ. ನಮ್ಮ ಮನೆಗಳ ಹಳೆಯ ಜೀರೋ ಬಲ್ಬಿಗೂ ಇದಕ್ಕಿಂತ ಹೆಚ್ಚು ವಿದ್ಯುತ್ ಬೇಕಿತ್ತು!

ಹೆದ್ದಾರಿ ಬದಿಯ ಚಿಕ್ಕ ದುರಸ್ತಿ ಅಂಗಡಿಯೊಂದರಲ್ಲಿ ರಿಪೇರಿಯವರು ಮುಚ್ಚಳ ತೆಗೆದು ಟಾರ್ಚ್ ಹಾಕಿ ನೋಡಿದರು. 'ನೋಡಪ್ಪ, ಇಲ್ಲಿ ಯಾರೋ ಕೈ ಆಡಿಸಿದ್ದಾರೆ' ಎಂದರು. ದನಿಯ ಅಬ್ಬರವನ್ನು ಮಿತಿಯಲ್ಲಿಡುವ ಬಿಡಿಭಾಗವೊಂದರ ಕಾಲು ಕತ್ತರಿಸಿತ್ತು. ಪ್ರಸಾರದ ಶಕ್ತಿಯನ್ನೂ ಹೆಚ್ಚಿಸಲಾಗಿತ್ತು. ಇದರಿಂದ ದನಿ ಜೋರಾಗುತ್ತದೆ ನಿಜ. ಆದರೆ ಒಡೆದು, ಅಕ್ಕಪಕ್ಕದ ಚಾನೆಲ್‌ಗಳಿಗೂ ಚೆಲ್ಲುತ್ತದೆ. ಹೀಗೆ ಒಳಗೆ ಮಾರ್ಪಾಡು ಮಾಡಿದ ಸೆಟ್ಟನ್ನು ಬಳಸುವುದು ಅಲ್ಲಿನ ಕಾನೂನಿಗೂ ವಿರುದ್ಧ. ಸವೆದ ಆಂಟೆನಾ ಕೇಬಲ್ಲಿನ ಮೇಲೆ ಅಷ್ಟು ಶಕ್ತಿ ಹರಿಸಿದ್ದರಿಂದ ಕೊನೆಯ ಹಂತದ ಟ್ರಾನ್ಸಿಸ್ಟರ್ ಸುಟ್ಟುಹೋಗಿತ್ತು. ಆ ಜಾತಿಯ ಟ್ರಾನ್ಸಿಸ್ಟರ್ ತಯಾರಿಕೆ ನಿಂತು ವರ್ಷಗಳಾದವು. ಮಾರುಕಟ್ಟೆಯಲ್ಲಿ ನಕಲಿಗಳೇ ಹೆಚ್ಚು. ಗುಜರಿ ಸೆಟ್ಟಿನಿಂದ ಬಿಚ್ಚಿಟ್ಟ ಒಂದು ಅವರ ಬಳಿ ಇತ್ತು. 'ರಿಪೇರಿ ಮಾಡಬಹುದು. ಆದರೆ ಆ ದುಡ್ಡಿಗೆ ಹೊಸದೇ ಬರುತ್ತದೆ' ಎಂದರು.

ಮೊಮ್ಮಗನ ಮುಖ ಬಾಡಿತು. ಅದು ನೆರೆಮನೆಗಳ ಹುಲ್ಲು ಕತ್ತರಿಸಿ ಕೂಡಿಟ್ಟ ಹಣ. ಫೋನಿನಲ್ಲಿ ಮಗಳು, 'ಹೊಸದು ತಗೊಳ್ಳಲಿ ಅಪ್ಪಾ, ಕಾನೂನಿನ ಗೊಡವೆ ಬೇಡ' ಎಂದಳು. ಹೊಸದು ಕೊಂಡರೆ ಕೊಟ್ಟ ಮಾತು ತಪ್ಪಿದಂತೆ. ಇದ್ದ ಹಾಗೆಯೇ ಸರಿಪಡಿಸಿದರೆ ಕಾನೂನು ತಪ್ಪಿದಂತೆ. ಕತ್ತರಿಸಿದ್ದನ್ನು ಮತ್ತೆ ಜೋಡಿಸಿದರೆ?

'ಅಜ್ಜಾ, ಅವರು ಇಷ್ಟಪಟ್ಟು ಮಾಡಿಸಿದ್ದನ್ನು ನಾನು ಅಳಿಸಿದರೆ ಬೇಜಾರಾಗುವುದಿಲ್ಲವೇ?' ಎಂದು ಹುಡುಗ ಕೇಳಿದ. ನನಗೂ ಉತ್ತರ ಹೊಳೆಯಲಿಲ್ಲ. 'ಅವರನ್ನೇ ಕೇಳು' ಎಂದೆ.

ಅಂಗಡಿಯ ಹೊರಗೆ ನಿಂತು ಅವನು ಫೋನ್ ಮಾಡಿದ. ಆ ಕಡೆಯ ನಗು ನನಗೂ ಕೇಳಿಸಿತು. 'ಜೋಡಿಸಿಬಿಡು ಮಗು. ಆಗ ನಾವೆಲ್ಲ ಒಬ್ಬರಿಗಿಂತ ಒಬ್ಬರು ಜೋರಾಗಿ ಕೂಗುತ್ತಿದ್ದೆವು. ಎಷ್ಟೋ ಸಲ ಯಾರ ಮಾತೂ ಯಾರಿಗೂ ತಿಳಿಯುತ್ತಿರಲಿಲ್ಲ' ಎಂದರಂತೆ.

ಮುಂದಿನ ವಾರ ಮತ್ತೆ ಹೋದೆವು. ಕತ್ತರಿಸಿದ ಕಾಲಿಗೆ ಬೆಸುಗೆ ಬಿದ್ದಿತ್ತು. ಶಕ್ತಿ 4 ವ್ಯಾಟಿಗೆ ಇಳಿದಿತ್ತು. ಹಳೆಯ ಕೇಬಲ್ಲಿನ ಬದಲು ಹೊಸದು ಬಂದಿತ್ತು. 'ದೂರ ಹೋಗಬೇಕೆಂದರೆ ಒಳಗೆ ಕೆದಕುವುದಕ್ಕಿಂತ ಆಂಟೆನಾ ಸರಿಯಾಗಿರಲಿ' ಎಂಬ ಉಪದೇಶವೂ ಸಿಕ್ಕಿತು. ಹುಡುಗನ ಉಳಿತಾಯದ ಬಹುಪಾಲು ಅಲ್ಲಿಯೇ ಕರಗಿತು.

ಲಾರಿಗಳ ಸಾಲಿನ ಅಂಚಿನಲ್ಲಿ ಕಾರು ನಿಲ್ಲಿಸಿ ಅವನು 19ನೇ ಚಾನೆಲ್ ಹಾಕಿದ. ತಡವರಿಸುತ್ತಾ, 'ನನ್ನ ಮಾತು ಯಾರಿಗಾದರೂ ಕೇಳಿಸುತ್ತಿದೆಯೇ?' ಎಂದ. ಕ್ಷಣಕಾಲ ಬರೀ ಗರಗರ ಸದ್ದು. ಆಮೇಲೆ ಎಲ್ಲಿಂದಲೋ ಒಂದು ದಪ್ಪ ದನಿ: 'ಸ್ಪಷ್ಟವಾಗಿ ಕೇಳಿಸುತ್ತಿದೆ!' ಅವನು ಮೈಕು ಹಿಡಿದುಕೊಂಡೇ ನನ್ನ ಕಡೆ ತಿರುಗಿ ನಕ್ಕ.

ನಮ್ಮಲ್ಲೂ ಇಂಥ ಕುತೂಹಲವಿರುವ ಮಕ್ಕಳಿಗೆ ದಾರಿಯಿದೆ. 12 ವರ್ಷ ತುಂಬಿದವರು ಪರೀಕ್ಷೆ ಬರೆದು ಹ್ಯಾಂ ರೇಡಿಯೋ ಲೈಸೆನ್ಸ್ ಪಡೆಯಬಹುದು. ಮಕ್ಕಳು ಹಳೆಯ ಸೆಟ್ಟೊಂದನ್ನು ಮನೆಗೆ ತಂದರೆ ತಂದೆ-ತಾಯಿಯರು ಒಡನೆ ಗದರಬೇಕಿಲ್ಲ. ಮೊದಲು ಜೊತೆಯಲ್ಲಿ ಕೂತು ಮುಚ್ಚಳ ತೆಗೆದು ನೋಡಲಿ.