ಬಾಗುವ ನುಡಿ

ಜಪಾನಿನ ಮನೆಗಳಲ್ಲಿ ಊಟಕ್ಕೆ ಕುಳಿತವರು ಮೊದಲ ತುತ್ತಿಗೆ ಮುನ್ನ ಕೈಜೋಡಿಸಿ ‘ಇತದಕಿಮಸ್’ ಎನ್ನುತ್ತಾರೆ. ‘ಸ್ವೀಕರಿಸುತ್ತೇನೆ’ ಎಂದು ನಿಘಂಟು ಇದಕ್ಕೆ ಅರ್ಥ ಹೇಳೀತು. ಆದರೆ ಇದರ ಮೂಲವಾದ ‘ಇತದಕು’ ಎಂಬ ಕ್ರಿಯಾಪದಕ್ಕೆ ತಲೆಯ ಮೇಲೆ ಇರಿಸಿಕೊಳ್ಳು ಎಂದು ಅರ್ಥ. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸುವ ಕನ್ನಡಿಗರಿಗೆ ಅದರ ಭಾವವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಉಣ್ಣುವ ಕ್ರಿಯೆಗೆ ಆ ಭಾಷೆಯಲ್ಲಿ ಇದೊಂದೇ ಮಾತಲ್ಲ. ಗೆಳೆಯರೊಳಗೆ ‘ತಬೆರು’ ಸಾಕು. ಹೆಚ್ಚು ಪರಿಚಯವಿಲ್ಲದವರೆದುರು ಅದೇ ‘ತಬೆಮಸ್’ ಆಗುತ್ತದೆ. ಹಿರಿಯರು ಉಣ್ಣುವುದನ್ನು ಹೇಳುವಾಗ ‘ಮೆಶಿಅಗರು’ ಎಂಬ ಬೇರೊಂದು ಪದವೇ ಬೇಕು. ತಾನು ಉಣ್ಣುವುದನ್ನು ವಿನಯದಿಂದ ಹೇಳಲು ‘ಇತದಕು’. ಈ ಕೊನೆಯ ಎರಡು ಪದಗಳು ಅದಲುಬದಲಾದರೆ ಉಪಚಾರವೇ ಅಪಚಾರವಾಗುತ್ತದೆ.

ಕನ್ನಡದಲ್ಲಿ ‘ಬಂದೆನು’, ‘ಬಂದಳು’, ‘ಬಂದರು’ ಎಂದೊಡನೆ ಬಂದವರಾರೆಂಬುದನ್ನು ಪ್ರತ್ಯಯವೇ ಸೂಚಿಸುತ್ತದೆ. ಜಪಾನೀ ಭಾಷೆಯ ‘ಕಿಮಶಿತ’ ಎಂಬುದು ನಾನು, ನೀನು, ಅವಳು, ಅವರು ಎಲ್ಲರಿಗೂ ಒಂದೇ. ಅಲ್ಲಿ ‘ಮಸ್’ ಎಂಬ ಪ್ರತ್ಯಯವು ಬಂದವರನ್ನು ಕುರಿತು ಏನನ್ನೂ ಹೇಳದು. ಆಡುವವನು ಕೇಳುವವನ ಮುಂದೆ ಹೇಗೆ ನಿಂತಿದ್ದಾನೆಂಬುದನ್ನು ಹೇಳುತ್ತದೆ. ಸಮರ್ಪಿಸು ಎಂಬ ಅರ್ಥದ ‘ಮಯಿರಸು’ ಎಂಬ ಹಳೆಯ ಪದವೇ ಜನರ ಬಾಯಲ್ಲಿ ಸವೆದು ಈ ಪ್ರತ್ಯಯವಾಯಿತು.

ಕನ್ನಡಿಗರಿಗೆ ಅಚ್ಚರಿಯೆನಿಸುವ ಸಂಗತಿ ಇನ್ನೊಂದುಂಟು. ‘ನಮ್ಮ ತಂದೆಯವರು ಬರುತ್ತಾರೆ’ ಎಂದು ಇಲ್ಲಿ ಯಾರೆದುರಿಗಾದರೂ ಹೇಳಬಹುದು. ಜಪಾನಿನಲ್ಲಿ ಹಾಗಲ್ಲ. ಮನೆಯೊಳಗೆ ‘ಒತೋಸಾನ್’ ಎಂದು ಗೌರವದಿಂದ ಕರೆದ ತಂದೆಯನ್ನೇ ಬೆಳೆದ ಮಗನು ಹೊರಗಿನವರೆದುರು ಬರಿದೇ ‘ಚಿಚಿ’ ಎನ್ನುತ್ತಾನೆ. ಅವರು ಬರುವುದನ್ನು ‘ಮಯಿರಿಮಸ್’ ಎಂಬ ತಗ್ಗಿದ ನುಡಿಯಿಂದ ಹೇಳುತ್ತಾನೆ. ಕೇಳಿದವರು ಮಾತ್ರ ಅದೇ ತಂದೆಯನ್ನು ‘ಒತೋಸಾನ್’ ಎಂದೇ ಕರೆದು, ‘ಇರಶ್ಶಯಿಮಸ್’ ಎಂಬ ಗೌರವದ ಕ್ರಿಯಾಪದವನ್ನು ಬಳಸುತ್ತಾರೆ. ಇದು ತಂದೆಯ ಮೇಲಿನ ಅನಾದರವಲ್ಲ. ತನ್ನವರನ್ನು ತನ್ನೊಡನೆಯೇ ಬಾಗಿಸಿ ಎದುರಿನವರಿಗೆ ಮನ್ನಣೆ ನೀಡುವ ಕ್ರಮವಿದು.

ಇಂಥ ನುಡಿ ಜನರನ್ನು ಬೆಸೆಯುವಂತೆ ದೂರವೂ ಇರಿಸಬಲ್ಲದು. 1945ರ ಆಗಸ್ಟ್ 15ರಂದು, ಯುದ್ಧವನ್ನು ನಿಲ್ಲಿಸುವ ನಿರ್ಧಾರವನ್ನು ಚಕ್ರವರ್ತಿ ಹಿರೋಹಿತೋ ಅವರು ಬಾನುಲಿಯ ಮೂಲಕ ತಿಳಿಸಿದಾಗ, ಅವರ ಮಾತು ಅರಮನೆಯ ಹಳೆಯ ಗ್ರಾಂಥಿಕ ಶೈಲಿಯಲ್ಲಿತ್ತು. ತಲೆಬಾಗಿ ಆಲಿಸಿದ ಅನೇಕರಿಗೆ ಯುದ್ಧ ಮುಗಿಯಿತೆಂಬುದೇ ಆ ಕ್ಷಣದಲ್ಲಿ ತಿಳಿಯಲಿಲ್ಲ! 1947ರಲ್ಲಿ ಜಾರಿಗೆ ಬಂದ ಹೊಸ ಸಂವಿಧಾನವು ಎಲ್ಲರೂ ಸಮಾನರೆಂದು ಸಾರಿತು. 1952ರಲ್ಲಿ ಅಲ್ಲಿನ ರಾಷ್ಟ್ರಭಾಷಾ ಸಮಿತಿಯು ಗೌರವದ ನುಡಿ ಇನ್ನು ಮುಂದೆ ಸರಳವಾಗಿರಲಿ, ಪರಸ್ಪರ ಗೌರವದಿಂದ ಹುಟ್ಟಲಿ ಎಂದು ಸಲಹೆ ನೀಡಿತು. ಎದುರಿನವರನ್ನು ‘ಅನತ’, ಅಂದರೆ ನೀವು, ಎಂದು ಸಂಬೋಧಿಸುವುದೇ ರೂಢಿಯಾಗಲಿ ಎಂದೂ ಸೂಚಿಸಿತು.

ಸಲಹೆ ಉದಾರವಾದುದೇ. ಆದರೆ ನಾಲಗೆ ಸಮಿತಿಯ ಮಾತನ್ನು ಎಲ್ಲ ಕಾಲಕ್ಕೂ ಕೇಳುವುದಿಲ್ಲವಷ್ಟೆ! ಇಂದಿಗೂ ಜಪಾನಿನ ವಿದ್ಯಾರ್ಥಿ ಗುರುಗಳನ್ನು ‘ಅನತ’ ಎನ್ನಲಾರ. ‘ಸೆನ್ಸೇ’ ಎಂದೇ ಕರೆಯುತ್ತಾನೆ. 2007ರಲ್ಲಿ ಅಲ್ಲಿನ ಸಂಸ್ಕೃತಿ ಮಂಡಳಿಯು ಗೌರವದ ನುಡಿಗಳನ್ನು ಐದು ಬಗೆಯಾಗಿ ವಿಂಗಡಿಸಿ ಮಾರ್ಗದರ್ಶಿಯೊಂದನ್ನು ಹೊರತಂದಿತು. ಸ್ವದೇಶೀಯರಿಗೂ ಇಂಥ ಕೈಪಿಡಿ ಬೇಕಾಯಿತೆಂದ ಮೇಲೆ, ಪರದೇಶದ ಕಲಿಯುವವನು ತಡವರಿಸಿದರೆ ಸೋಜಿಗವೇನು?

ಆದರೂ ಕನ್ನಡಿಗನಿಗೆ ಆ ಭಾಷೆಯಲ್ಲಿ ತನ್ನ ಮನೆಯ ಮಾತೇ ಕೇಳಿಸುವ ಗಳಿಗೆಯೊಂದಿದೆ. ಬೆಳಿಗ್ಗೆ ಶಾಲೆಗೆ ಹೊರಟ ಮಗು ಹೊಸ್ತಿಲಲ್ಲಿ ‘ಇತ್ತೆ ಕಿಮಸ್’ ಎನ್ನುತ್ತದೆ. ‘ಇತ್ತೆ’ ಎಂದರೆ ಹೋಗಿ. ‘ಕಿಮಸ್’ ಎಂದರೆ ಬರುತ್ತೇನೆ. ಒಳಗಿನಿಂದ ತಾಯಿ ‘ಇತ್ತೆ ಇರಶ್ಶಯಿ’, ಹೋಗಿ ಬಾ, ಎನ್ನುತ್ತಾಳೆ.