ಹಿಮವಿಲ್ಲದ ಊರಿನ ಹಿಮಕ್ರೀಡೆ

ಹೊಳೆಯ ದಂಡೆಯಲ್ಲಿ ಬೆಳೆದವನಿಗೆ ಈಜು ಬರುವುದು ಸಹಜ. ಅಡಕೆಯ ತೋಟದಲ್ಲಿ ಬೆಳೆದವನಿಗೆ ಮರವೇರುವುದು ಸಹಜ. ಆದರೆ ಹಿಮಪರ್ವತದ ಇಳಿಜಾರಿನಲ್ಲಿ ಜಾರುವ ಪಂದ್ಯವನ್ನು ಲೋಕಕ್ಕೆ ರೂಢಿಮಾಡಿಕೊಟ್ಟವರಲ್ಲಿ ಪರ್ವತವೇ ಇಲ್ಲದ ಊರುಗಳ ವಿದ್ಯಾರ್ಥಿಗಳೂ ಸೇರಿದ್ದರೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರವು ಥೇಮ್ಸ್ ನದಿಯ ಬಯಲಿನಲ್ಲಿದೆ. ಕೇಂಬ್ರಿಜ್ ಅದಕ್ಕಿಂತಲೂ ಸಮತಟ್ಟಾದುದು. ಈ ಎರಡು ವಿಶ್ವವಿದ್ಯಾನಿಲಯಗಳ ಸ್ಕೀ ತಂಡಗಳು 1922ರಲ್ಲಿ ಸ್ವಿಟ್ಜರ್ಲೆಂಡಿನ ವೆಂಗೆನ್ ಎಂಬ ಗ್ರಾಮದಲ್ಲಿ ಮೊದಲ ಬಾರಿಗೆ ಪರಸ್ಪರ ಸ್ಪರ್ಧಿಸಿದುವು. ತಂಡತಂಡಗಳ ನಡುವಣ ಸ್ಕೀ ಪಂದ್ಯಗಳಲ್ಲಿ ಇದನ್ನೇ ಅತ್ಯಂತ ಹಳೆಯದೆಂದು ಎಣಿಸುವುದುಂಟು.

ಸ್ಕೀ ಎಂಬುದು ಪಾದರಕ್ಷೆಗೆ ಬಿಗಿದುಕೊಳ್ಳುವ, ಮುಂದಿನ ತುದಿಯು ಮೇಲಕ್ಕೆ ಬಾಗಿದ ನೀಳವಾದ ಹಲಗೆ. ನಾರ್ವೆ ಮೊದಲಾದ ಉತ್ತರದೇಶಗಳವರಿಗೆ ಇದು ಪ್ರಾಚೀನ ಸಾಧನ. ಅವರ ಸ್ಪರ್ಧೆಗಳಲ್ಲಿ ಎರಡಕ್ಕೆ ಪ್ರಾಶಸ್ತ್ಯವಿದ್ದಿತು: ಕಾಡುಮೇಡುಗಳನ್ನು ದಾಟಿ ಬಹುದೂರ ಸಾಗುವುದು ಒಂದು, ದಿಣ್ಣೆಯಿಂದ ನೆಗೆದು ದೂರದಲ್ಲಿ ಇಳಿಯುವುದು ಇನ್ನೊಂದು. ಕೇವಲ ಇಳಿಜಾರಿನಲ್ಲಿ ಜಾರಿಬರುವುದರಲ್ಲಿ ಪೌರುಷವೇನಿದೆ ಎಂದು ಅಲ್ಲಿಯ ಹಿರಿಯರು ಬಹುಕಾಲ ಸಂದೇಹಪಟ್ಟರು. ಆದರೆ ಆಲ್ಪ್ಸ್ ಪರ್ವತಗಳು ಕಡಿದಾದುವು. ಅಲ್ಲಿ ಇಳಿಯುವುದೇ ಒಂದು ವಿದ್ಯೆ. ವೇಗವನ್ನು ಕಳೆದುಕೊಳ್ಳದೆ ತಿರುಗುವುದು ಅದರ ಪ್ರಾಣ.

ಈ ವಿದ್ಯೆಯ ಪಕ್ಷವನ್ನು ಹಿಡಿದು ವಾದಿಸಿದವರಲ್ಲಿ ಆರ್ನಲ್ಡ್ ಲನ್ ಮುಖ್ಯನಾದವನು. ಆತನು ಹುಟ್ಟಿದುದು ಹಿಮವನ್ನೇ ಕಾಣದ ನಮ್ಮ ಮದರಾಸಿನಲ್ಲಿ, 1888ರಲ್ಲಿ. ತಂದೆ ಹೆನ್ರಿ ಲನ್ ಆಗ ಕ್ರೈಸ್ತ ಮಿಷನ್ನಿನ ಕಾರ್ಯಕ್ಕಾಗಿ ಇಂಡಿಯಾಕ್ಕೆ ಬಂದಿದ್ದನು. ಮಗನು ಆಕ್ಸ್‌ಫರ್ಡಿನಲ್ಲಿ ಓದುತ್ತ ಅಲ್ಲಿ ಪರ್ವತಾರೋಹಣದ ಸಂಘವೊಂದನ್ನು ಸ್ಥಾಪಿಸಿದನು. 1909ರಲ್ಲಿ ವೇಲ್ಸಿನ ಬೆಟ್ಟವೊಂದರಿಂದ ಬಿದ್ದು ಬಲಗಾಲು ಮುರಿಯಿತು. ಗುಣವಾದ ಮೇಲೂ ಅದು ಎಡಗಾಲಿಗಿಂತ ಗಿಡ್ಡವಾಗಿಯೇ ಉಳಿಯಿತು. ಅಂಥ ಕಾಲಿನಲ್ಲಿ ಆತನು ಮತ್ತೆ ಹಿಮವನ್ನು ತುಳಿದನು. 1911ರಲ್ಲಿ ಸ್ವಿಟ್ಜರ್ಲೆಂಡಿನ ಮೊಂಟಾನಾ ಎಂಬಲ್ಲಿ ನಡೆದ ಇಳಿಜಾರಿನ ಪಂದ್ಯದ ವ್ಯವಸ್ಥೆಯೂ ಆತನದೇ. ಅದಕ್ಕೆ ಬಟ್ಟಲನ್ನು ಕೊಟ್ಟವನು ಕಾಂದಹಾರದ ಯುದ್ಧದಿಂದ ಬಿರುದು ಪಡೆದ ಸೇನಾಪತಿ ಲಾರ್ಡ್ ರಾಬರ್ಟ್ಸ್. ಆತನು ಹುಟ್ಟಿದುದೂ ನಮ್ಮ ಕಾನ್ಪುರದಲ್ಲಿಯೇ. ಹೀಗೆ ಮರುಭೂಮಿಯ ಸಮೀಪದ ಊರೊಂದರ ಹೆಸರು ಹಿಮಕ್ರೀಡೆಗೆ ಅಂಟಿಕೊಂಡು ಇಂದಿಗೂ ಉಳಿದಿದೆ.

ವಿದ್ಯಾರ್ಥಿಗಳು ಮೊದಲು ಸ್ಪರ್ಧಿಸಿದ ಆ 1922ನೆಯ ವರ್ಷದ ಜನವರಿ ತಿಂಗಳಲ್ಲಿಯೇ ಲನ್ ಮ್ಯೂರನ್ ಎಂಬ ಗ್ರಾಮದಲ್ಲಿ ಒಂದು ಹೊಸ ಪಂದ್ಯವನ್ನು ನಡೆಸಿದ್ದನು. ಇಳಿಜಾರಿನಲ್ಲಿ ಜೋಡಿಜೋಡಿಯಾಗಿ ಧ್ವಜಗಳನ್ನು ನೆಟ್ಟು, ಒಂದೊಂದು ಜೋಡಿಯ ನಡುವೆಯೂ ನುಸುಳಿ ಇಳಿಯಬೇಕೆಂದು ವಿಧಿಸಿದನು. ಇದೇ ಆಧುನಿಕ ಸ್ಲಾಲಮಿನ ಆರಂಭವೆಂದು ಸಾಮಾನ್ಯವಾಗಿ ಹೇಳುವರು. ಹಿಂದೆ ಇಂಥ ಪರೀಕ್ಷೆಗಳಲ್ಲಿ ತಿರುವಿನ ಸೊಬಗನ್ನು ನೋಡಿ ಅಂಕಗಳನ್ನು ಕೊಡುತ್ತಿದ್ದುದುಂಟು. ಈಗ ಸೊಬಗಿನ ಮಾತೇ ಇಲ್ಲ. ಗಡಿಯಾರ ಹೇಳಿದುದೇ ತೀರ್ಪು. ಬಾಲಕನ ಅಕ್ಷರವು ದುಂಡಗಿದೆಯೇ ಎಂದು ನೋಡಿ ಅಂಕ ಕೊಡುವುದಕ್ಕೂ, ಲೆಕ್ಕದ ಉತ್ತರವು ಸರಿಯೇ ಎಂದು ನೋಡಿ ಕೊಡುವುದಕ್ಕೂ ಇರುವ ಭೇದವನ್ನು ಪಾಠಶಾಲೆಗಳಲ್ಲಿ ಎಲ್ಲರೂ ಬಲ್ಲರು. ಮೊದಲನೆಯದರಲ್ಲಿ ಉಪಾಧ್ಯಾಯನ ರುಚಿ ಸೇರುತ್ತದೆ, ಎರಡನೆಯದರಲ್ಲಿ ಸೇರುವುದಿಲ್ಲ. ಚಿರಕಾಲದ ಪ್ರತಿಸ್ಪರ್ಧಿಗಳಾದ ಎರಡು ವಿದ್ಯಾಸ್ಥಾನಗಳ ನಡುವೆ ಸ್ನೇಹ ಕೆಡದಿರಬೇಕಾದರೆ ಎರಡನೆಯ ಬಗೆಯ ತೀರ್ಪೇ ಕ್ಷೇಮಕರ.

ಈ ಮಾದರಿಯು ಬೇಗನೆ ಹರಡಿತು. 1924ರಲ್ಲಿ ವಾಲ್ಟರ್ ಆಮ್‌ಸ್ಟುಟ್ಸ್ ಮೊದಲಾದ ಸ್ವಿಸ್ ವಿದ್ಯಾರ್ಥಿಗಳು ತಮ್ಮದೇ ಆದ ವಿಶ್ವವಿದ್ಯಾನಿಲಯ ಸ್ಕೀ ಸಂಘವನ್ನು ಕಟ್ಟಿದರು. ಮರುವರ್ಷವೇ ಅವರಿಗೂ ಇಂಗ್ಲಿಷ್ ವಿದ್ಯಾರ್ಥಿಗಳಿಗೂ ಮ್ಯೂರನ್ನಿನಲ್ಲಿ ಪಂದ್ಯ ನಡೆಯಿತು. ಪರ್ವತದ ಮಕ್ಕಳು ಬಯಲಿನ ಮಕ್ಕಳೊಡನೆ ಕೂಡಿ ಇಳಿಜಾರಿನ ಪಂದ್ಯಗಳನ್ನು ಬೆಳೆಸಿದರೆಂಬುದು ಎರಡು ಪಕ್ಷಕ್ಕೂ ಗೌರವವನ್ನು ತರುವ ಸಂಗತಿ. 1930ರಲ್ಲಿ ಅಂತರರಾಷ್ಟ್ರೀಯ ಸ್ಕೀ ಮಂಡಲಿಯು ಈ ಪಂದ್ಯಗಳನ್ನು ಅಂಗೀಕರಿಸಿತು. 1931ರಲ್ಲಿ ಮ್ಯೂರನ್ನಿನಲ್ಲಿ ಇವುಗಳ ಮೊದಲ ಲೋಕಸ್ಪರ್ಧೆ ನಡೆಯಿತು. ಅದರಲ್ಲಿ ಸ್ತ್ರೀಯರೂ ಸ್ಪರ್ಧಿಸಿದರು. 1936ರಲ್ಲಿ ಜರ್ಮನಿಯ ಗಾರ್ಮಿಶ್-ಪಾರ್ಟೆನ್‌ಕಿರ್ಖೆನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳೊಳಗೂ ಇವು ಪ್ರವೇಶಿಸಿದುವು.

ಇದು ಧನಿಕರ ಮಕ್ಕಳ ವಿನೋದವಲ್ಲವೇ ಎಂದು ಯಾರಾದರೂ ಕೇಳಬಹುದು. ಆಕ್ಷೇಪವು ನಿರಾಧಾರವಾದುದಲ್ಲ. ಕಡಲನ್ನು ದಾಟಿ, ವಸತಿಗೆ ಹಣ ತೆತ್ತು, ರಜೆಯ ಕೆಲವೇ ದಿನಗಳಲ್ಲಿ ಅಭ್ಯಾಸಮಾಡುವ ಸೌಕರ್ಯವು ಆ ಕಾಲದ ಬಡ ವಿದ್ಯಾರ್ಥಿಗೆ ಎಲ್ಲಿಯದು? ಆದರೆ ಧನವು ಒಂದು ಋತುವಿನ ವಿಹಾರವನ್ನು ಕೊಳ್ಳಬಲ್ಲುದೇ ಹೊರತು ನೂರು ವರ್ಷಗಳ ನಡೆವಳಿಯನ್ನು ಕೊಳ್ಳಲಾರದು. ವಿಶ್ವವಿದ್ಯಾನಿಲಯದ ಸಂಘಕ್ಕೆ ಒಂದು ವಿಚಿತ್ರವಾದ ದೌರ್ಬಲ್ಯವಿದೆ. ಮೂರು ನಾಲ್ಕು ವರ್ಷಗಳಲ್ಲಿ ಅದರ ಸದಸ್ಯರೆಲ್ಲರೂ ಬದಲಾಗುತ್ತಾರೆ. ಕೆಲಸವನ್ನು ಚೆನ್ನಾಗಿ ಕಲಿತವನು ಆಗಲೇ ಹೊರಟುನಿಂತಿರುತ್ತಾನೆ. ಅಂಥ ಸಂಘವು ಪ್ರತಿವರ್ಷವೂ ಅಳಿವಿನ ಅಂಚಿನಲ್ಲಿಯೇ ಇರುವುದೆನ್ನಬೇಕು. ಯಾವನೋ ಒಬ್ಬನು ಲೆಕ್ಕದ ಪುಸ್ತಕವನ್ನು ಕಿರಿಯನ ಕೈಗೆ ಒಪ್ಪಿಸದೆ ಹೋದರೆ, ಧ್ವಜವನ್ನು ನೆಡುವ ಕ್ರಮವನ್ನು ಹೇಳಿಕೊಡಲು ಬೇಸತ್ತರೆ, ಕಥೆ ಅಲ್ಲಿಗೆ ಮುಗಿಯಿತು. ಗುರುಮುಖದಿಂದ ಶಿಷ್ಯನಿಗೆ ಬರುವ ಪಾಠವೂ ಹೀಗೆಯೇ. ನಡುವೆ ಒಂದು ತಲೆಮಾರು ಮೌನವಾದರೆ ಅದನ್ನು ಮತ್ತೆ ಎಬ್ಬಿಸುವವರಿಲ್ಲ.

ಲನ್ನನಿಗೆ 1952ರಲ್ಲಿ ಸರ್ ಪದವಿ ಬಂದಿತು. 1974ರಲ್ಲಿ ಆತನು ತೀರಿಕೊಂಡನು. ವೆಂಗೆನ್ನಿನಲ್ಲಿ ಮೊದಲು ಇಳಿದವರಲ್ಲಿ ಇಂದು ಯಾರೂ ಉಳಿದಿಲ್ಲ. ಆ ಪಂದ್ಯಕ್ಕೆ 2022ರಲ್ಲಿ ನೂರು ವರ್ಷ ತುಂಬಿತು. ಕಡುನೀಲಿಯ ಆಕ್ಸ್‌ಫರ್ಡಿನವರೂ ತಿಳಿನೀಲಿಯ ಕೇಂಬ್ರಿಜಿನವರೂ ಈಗಲೂ ಪಾಠಗಳು ಮುಗಿದೊಡನೆ ತಮ್ಮ ಬಯಲುಸೀಮೆಯನ್ನು ಬಿಟ್ಟು ಆಲ್ಪ್ಸಿಗೆ ಹೋಗುತ್ತಾರೆ. ಅವರಲ್ಲಿ ಗೆದ್ದವರೂ ಸೋತವರೂ ಕೆಲವೇ ವರ್ಷಗಳಲ್ಲಿ ಸಂಘವನ್ನು ಬಿಡತಕ್ಕವರು. ಬಿಡುವ ಮುನ್ನ ಹೊಸಬನೊಬ್ಬನಿಗೆ ತಿರುಗುವುದನ್ನು ಕಲಿಸಿ ಹೋಗುತ್ತಾರೆ.